ಬಂಗುಡೆಯ ಹೊಟ್ಟೆಯಲ್ಲಿ ಹುಳ ಕಂಡರೆ

(ಕರಾವಳಿಯ ಓದುಗರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ ಇದು. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೀನಿನ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಆರಿಸಿಕೊಂಡದ್ದು ಮೀನಿನೊಳಗಿನ ಹುಳವನ್ನು. ಇದಕ್ಕೆ ಕಾರಣ ಇದೆ.

ಆಗಾಗ ನಮ್ಮ ಮೊಬೈಲಿಗೆ ಒಂದು ಬಗೆಯ ವಿಡಿಯೋ ಬರುತ್ತಿರುತ್ತದೆ. ಯಾರೋ ಬಂಗುಡೆಯ ಹೊಟ್ಟೆ ಸೀಳುತ್ತಾರೆ. ಒಳಗೆ ತೆಳ್ಳಗಿನ ಬಿಳಿ ಹುಳ ಮಿಸುಕಾಡುತ್ತದೆ. ಕೆಳಗೆ "ಮೀನು ತಿನ್ನಬೇಡಿ, ಎಲ್ಲರಿಗೂ ತಿಳಿಸಿ" ಅಂತ ಬರೆದಿರುತ್ತದೆ. ಮರುದಿನ ಮೀನು ಮಾರುವ ಅಕ್ಕನ ಬುಟ್ಟಿ ಖಾಲಿಯಾಗುವುದಿಲ್ಲ. ಅವರು ಬೆಳಗಿನ ಜಾವ ಬಂದರಿಗೆ ಹೋಗಿ, ಹರಾಜಿನಲ್ಲಿ ದುಡ್ಡು ಕೊಟ್ಟು, ಐಸು ಹಾಕಿಸಿಕೊಂಡು ತಂದ ಒಳ್ಳೆಯ ಮೀನೇ ಅದು. ಅವರ ತಪ್ಪು ಏನೂ ಇಲ್ಲ. ಆದರೂ ನಷ್ಟ ಅವರದ್ದೇ.

ಅದೇ ಹೊತ್ತಿಗೆ ಬೆಂಗಳೂರಿನ ಹೋಟೆಲುಗಳಲ್ಲಿ ಹಸಿ ಮೀನಿನ ಸುಶಿ, ಸಾಶಿಮಿ ತಿನ್ನುವವರು ಜಾಸ್ತಿಯಾಗುತ್ತಿದ್ದಾರೆ. ನಿಜಕ್ಕೂ ಎಚ್ಚರ ಬೇಕಾದದ್ದು ಅಲ್ಲಿ. ಅಲ್ಲಿಗೆ ಯಾವ ವಿಡಿಯೋವೂ ಬರುವುದಿಲ್ಲ. ಚೆನ್ನಾಗಿ ಬೇಯಿಸಿದ ಸಾರಿಗೆ ಹೆದರುತ್ತೇವೆ, ಹಸಿ ಮೀನಿನ ತಟ್ಟೆಗೆ ಹೆದರುವುದಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ. ಅದಕ್ಕೇ ಈ ಮಾತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಡಲಲ್ಲಿ ಬೆಳೆದ ಮೀನಿನಲ್ಲಿ ಹುಳ ಇರುವುದು ಸಹಜ. ಅದು ಮೀನು ಕೊಳೆತದ್ದರ ಗುರುತಲ್ಲ, ಸತ್ತ ಮೇಲೆ ಸೇರಿಕೊಂಡದ್ದೂ ಅಲ್ಲ. ಮೀನು ಈಜಾಡುತ್ತಿದ್ದಾಗಲೇ ಅದು ಒಳಗಿತ್ತು. ಈಗ ತಾನೇ ಹಿಡಿದ, ಕಣ್ಣು ಹೊಳೆಯುವ, ಕಿವಿರು ಕೆಂಪಗಿರುವ ಮೀನಿನಲ್ಲೂ ಅದು ಸಿಗುತ್ತದೆ. ಆದರೆ ಸರಿಯಾಗಿ ಒಣಗಿಸದ ಮೀನಿನ ಮೇಲೆ ನೊಣ ಮೊಟ್ಟೆ ಇಟ್ಟು ಹುಟ್ಟುವ ಹುಳ ಬೇರೆ. ಅದು ನಿಜವಾಗಿ ಕೊಳಕಿನದ್ದೇ. ಅಂಥ ಮೀನನ್ನು ಎಸೆಯಿರಿ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ವಿಡಿಯೋಗಳಲ್ಲಿ ಕಾಣುವ ಹುಳ ಹೆಚ್ಚಾಗಿ ಅನಿಸಾಕಿಸ್ ಅಥವಾ ಅದರ ನೆಂಟರು. ಇವು ದುಂಡುಹುಳುಗಳ ಜಾತಿ. ಮೀನಿನಲ್ಲಿ ಇರುವುದು ಅವುಗಳ ಮರಿ, ಎರಡು ಮೂರು ಸೆಂಟಿಮೀಟರ್ ಉದ್ದ, ತೆಳ್ಳಗೆ. ಕರುಳಿನ ಮೇಲೋ ಪಿತ್ತಜನಕಾಂಗದ (ಲಿವರ್) ಮೇಲೋ ಸೊಳ್ಳೆಬತ್ತಿಯ ಹಾಗೆ ಚಪ್ಪಟೆಯಾಗಿ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಕೈ ಮುಟ್ಟಿಸಿದರೆ ಸುರುಳಿ ಬಿಚ್ಚಿ ಹರಿಯುತ್ತದೆ.

ಅದರ ಬದುಕು ಕೇಳಿದರೆ ಆಶ್ಚರ್ಯ ಆಗುತ್ತದೆ. ಈ ಹುಳ ದೊಡ್ಡದಾಗುವುದು ಮೀನಿನಲ್ಲಲ್ಲ. ಡಾಲ್ಫಿನ್ ಮತ್ತು ತಿಮಿಂಗಿಲಗಳ ಹೊಟ್ಟೆಯಲ್ಲಿ. ಗಂಡು ಹೆಣ್ಣು ಕೂಡುವುದು, ಮೊಟ್ಟೆ ಇಡುವುದು ಎಲ್ಲ ಅಲ್ಲೇ. ಮೊಟ್ಟೆಗಳು ಮಲದ ಜೊತೆ ಕಡಲಿಗೆ ಬೀಳುತ್ತವೆ. ಮೊಟ್ಟೆ ಒಡೆದು ಬಂದ ಮರಿಯನ್ನು ಸಿಗಡಿಯ ಕುಲದ ಚಿಕ್ಕ ಚಿಕ್ಕ ಜೀವಿಗಳು ನುಂಗುತ್ತವೆ. ಅವುಗಳನ್ನು ಸಣ್ಣ ಮೀನು, ಬೊಂಡಾಸ್ ತಿನ್ನುತ್ತವೆ. ಸಣ್ಣದನ್ನು ದೊಡ್ಡದು ತಿನ್ನುತ್ತದೆ. ಹೀಗೆ ದಾಟುವಾಗ ಹುಳ ಸಾಯುವುದಿಲ್ಲ. ಸುರುಳಿ ಬಿಚ್ಚಿ, ಹೊಸ ಹೊಟ್ಟೆಯಲ್ಲಿ ಮತ್ತೆ ಸುತ್ತಿಕೊಂಡು ಕಾಯುತ್ತದೆ. ಕೊನೆಗೆ ಆ ಮೀನನ್ನು ಡಾಲ್ಫಿನ್ ಹಿಡಿದರೆ ಅದರ ಸುತ್ತು ಮುಗಿಯಿತು.

ಇದರಿಂದ ಎರಡು ಮಾತು ಗೊತ್ತಾಗುತ್ತವೆ. ಒಂದು, ಬೇರೆ ಮೀನನ್ನು ತಿಂದು ಬದುಕುವ ದೊಡ್ಡ, ವಯಸ್ಸಾದ ಮೀನಿನಲ್ಲಿ ಹುಳ ಜಾಸ್ತಿ ಸೇರಿಕೊಂಡಿರುತ್ತದೆ. ಪಾಂಬೋಲಿನಲ್ಲಿ ಸಿಗುವಷ್ಟು ಸುಲಭವಾಗಿ ಬೂತಾಯಿಯಲ್ಲಿ ಸಿಗುವುದಿಲ್ಲ. ಬೂತಾಯಿ ಹೆಚ್ಚಾಗಿ ಕಡಲ ನೀರಿನ ಸೂಕ್ಷ್ಮ ಸಸ್ಯಗಳನ್ನು ತಿಂದು ಬೆಳೆಯುವ, ಕಡಿಮೆ ಆಯಸ್ಸಿನ ಮೀನು. ಎರಡು, ಈ ಸುತ್ತಿನಲ್ಲಿ ಮನುಷ್ಯರು ಎಲ್ಲೂ ಇಲ್ಲ. ನಮ್ಮ ಹೊಟ್ಟೆಗೆ ಬಂದ ಹುಳ ದೊಡ್ಡದಾಗುವುದಿಲ್ಲ, ಮೊಟ್ಟೆ ಇಡುವುದಿಲ್ಲ. ಸ್ವಲ್ಪ ದಿನದಲ್ಲಿ ಸಾಯುತ್ತದೆ. ಆದರೆ ಸಾಯುವ ಮೊದಲು ತೊಂದರೆ ಕೊಡಬಲ್ಲದು. ಅದಕ್ಕೆ ಆಮೇಲೆ ಬರುತ್ತೇನೆ.

ಕಾರವಾರದ ಎದುರು, ಮುರ್ಡೇಶ್ವರದ ನೇತ್ರಾಣಿ ಸುತ್ತ ಡಾಲ್ಫಿನ್ ನೋಡಿದವರು ಇಲ್ಲಿ ಇರಬಹುದು. ಡಾಲ್ಫಿನ್ ಇರುವ ಕಡಲಿನಲ್ಲಿ ಈ ಹುಳವೂ ಇರುತ್ತದೆ. ಬಿಸಿ ನೀರಿನ ಕಡಲುಗಳಲ್ಲಿ ಮುಖ್ಯವಾಗಿ ಸಿಗುವ ಜಾತಿಯ ಹೆಸರು ಅನಿಸಾಕಿಸ್ ಟಿಪಿಕಾ. ಅದು ಹೆಚ್ಚಾಗಿ ಮೀನಿನ ಕರುಳು, ಪಿತ್ತಜನಕಾಂಗದ ಸುತ್ತಲೇ ಇರುತ್ತದೆ. ಮಾಂಸದೊಳಗೆ ಹೋಗುವುದು ಕಡಿಮೆ. ಹೊಟ್ಟೆ ಚೆನ್ನಾಗಿ ತೆಗೆದು ತೊಳೆದರೆ ಬಹುಪಾಲು ಹುಳ ಅಲ್ಲಿಗೇ ಹೋಯಿತು.

ಉಳಿದ ಹುಳಗಳನ್ನು ಬೇಗ ಮುಗಿಸುತ್ತೇನೆ. ಕಲ್ಲುಮೀನು, ಕೊಡ್ಡಾಯಿಯಂಥವುಗಳ ಮೊಟ್ಟೆಯ ಚೀಲದಲ್ಲಿ ಕೆಲವೊಮ್ಮೆ ರಕ್ತದ ಬಣ್ಣದ ಉದ್ದ ಹುಳ ಸಿಗುತ್ತದೆ. ಅದು ಫಿಲೊಮೆಟ್ರಾ. ನೋಡಲು ಭಯ ಹುಟ್ಟಿಸುತ್ತದೆ, ಆದರೆ ಮನುಷ್ಯರ ಮೈಯಲ್ಲಿ ಅದಕ್ಕೆ ಜಾಗ ಇಲ್ಲ. ಕರುಳಿನ ಸುತ್ತ ಅಥವಾ ಮಾಂಸದ ನಡುವೆ ಬಿಳಿ ಚೀಲದೊಳಗೆ ಮಡಚಿಕೊಂಡಿರುವುದು ಲಾಡಿಹುಳುವಿನ ಮರಿ. ಅದರ ತಲೆಯಲ್ಲಿ ಮುಳ್ಳು ತುಂಬಿದ ನಾಲ್ಕು ಸೊಂಡಿಲು ಇರುತ್ತವೆ. ಅದು ಕಾಯುತ್ತಿರುವುದು ಶಾರ್ಕಿಗೆ, ತೊರಕೆಗೆ. ನಮಗಲ್ಲ. ಅಳಿವೆಯ ಮೀನುಗಳಲ್ಲಿ ಸಿಗುವ ಕಾಂಟ್ರಸೀಕಮ್ ಕಾಯುವುದು ನೀರುಕಾಗೆ, ಹೆಜ್ಜಾರ್ಲೆಗಳಿಗೆ. ಬಂಗುಡೆಯ ಕಿವಿರಿನೊಳಗೆ ಕಾಲುಗಳಿರುವ, ಗಟ್ಟಿ ಚಿಪ್ಪಿನ ಜೀವಿ ಕಂಡರೆ ಅದು ಹುಳವೇ ಅಲ್ಲ. ಸಿಗಡಿಯ ದೂರದ ಸಂಬಂಧಿ. ಮೀನಿನ ರಕ್ತ ಕುಡಿದು ಬದುಕುತ್ತದೆ. ತೆಗೆದು ಬಿಸಾಡಿದರೆ ಆಯಿತು.

ಈಗ ಅನಿಸಾಕಿಸ್ ಮನುಷ್ಯರಿಗೆ ಏನು ಮಾಡುತ್ತದೆ ಅನ್ನುವ ಕಥೆ. ಇದು ಶುರುವಾಗುವುದು ನೆದರ್‌ಲ್ಯಾಂಡ್ಸ್‌ನಲ್ಲಿ.

ಅಲ್ಲಿಯವರಿಗೆ ಹೆರಿಂಗ್ ಮೀನು ಅಂದರೆ ಪ್ರಾಣ. ನಮ್ಮ ಬೂತಾಯಿಯ ಕುಲದ್ದೇ. ಅದನ್ನು ಸ್ವಲ್ಪ ಉಪ್ಪು ಹಾಕಿ ಬೇಯಿಸದೆ ತಿನ್ನುತ್ತಾರೆ. ಬಾಲ ಹಿಡಿದು ಎತ್ತಿ ಹಾಗೇ ಬಾಯಿಗೆ ಇಳಿಸುತ್ತಾರೆ. ಶತಮಾನಗಳಿಂದ ಹೀಗೇ ತಿಂದವರು. ಆದರೆ 1950ರ ದಶಕದಲ್ಲಿ ವಿಚಿತ್ರ ರೋಗಿಗಳು ಆಸ್ಪತ್ರೆಗೆ ಬರತೊಡಗಿದರು. ತಡೆಯಲಾಗದ ಹೊಟ್ಟೆನೋವು. ವೈದ್ಯರು ಹೊಟ್ಟೆ ಕೊಯ್ದು ನೋಡಿದರೆ ಕರುಳಿನ ಗೋಡೆ ಊದಿಕೊಂಡಿದೆ, ಅದರೊಳಗೆ ಒಂದು ಹುಳ. 1960ರಲ್ಲಿ ವಾನ್ ಟೀಲ್ ಮತ್ತು ಅವರ ಸಂಗಡಿಗರು ಆ ಹುಳ ಹೆರಿಂಗ್ ಮೀನಿನದ್ದೇ ಎಂದು ಬರೆದು ಪ್ರಕಟಿಸಿದರು.

ಅಷ್ಟು ಕಾಲ ಇಲ್ಲದ ರೋಗ ಆಗ ಯಾಕೆ ಬಂತು? ನನಗೆ ಈ ಇಡೀ ವಿಷಯದಲ್ಲಿ ಬಹಳ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಮೊದಲೆಲ್ಲ ಹಿಡಿದ ಕೂಡಲೇ ದೋಣಿಯಲ್ಲೇ ಮೀನಿನ ಹೊಟ್ಟೆ ತೆಗೆಯುತ್ತಿದ್ದರು. ಆಮೇಲೆ ಐಸು ಬಂತು. ಮೀನು ಕೆಡುವ ಭಯ ಕಡಿಮೆಯಾಯಿತು. ಹೊಟ್ಟೆ ತೆಗೆಯದೆ ಐಸಿನಲ್ಲಿ ಇಟ್ಟು ದಡಕ್ಕೆ ತಂದು ಆಮೇಲೆ ತೆಗೆಯುವ ರೂಢಿ ಬಂತು. ಮೀನು ಸತ್ತ ಮೇಲೆ ಕರುಳಿನಲ್ಲಿದ್ದ ಕೆಲವು ಹುಳಗಳು ಅಲ್ಲಿಂದ ಹೊರಟು ಮಾಂಸಕ್ಕೆ ಹರಿಯುತ್ತವೆ. ಆ ಕೆಲವು ಗಂಟೆಗಳ ತಡವೇ ರೋಗವಾಯಿತು. ಹುಳವೂ ಹಳೆಯದೇ, ತಿನ್ನುವ ರೀತಿಯೂ ಹಳೆಯದೇ. ಬದಲಾದದ್ದು ಕೆಲಸದ ಕ್ರಮ ಮಾತ್ರ.

ನೆದರ್‌ಲ್ಯಾಂಡ್ಸ್ ಸರ್ಕಾರ ಮೀನು ತಿನ್ನಬೇಡಿ ಅಂತ ಹೇಳಲಿಲ್ಲ. 1968ರಲ್ಲಿ ಒಂದು ಕಾನೂನು ತಂದಿತು. ಹಸಿಯಾಗಿ ತಿನ್ನುವ ಹೆರಿಂಗ್ ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 24 ಗಂಟೆ ಇಟ್ಟು ಆಮೇಲೆ ಮಾರಬೇಕು. ಅಷ್ಟೇ. ರೋಗ ಹೆಚ್ಚುಕಡಿಮೆ ಮಾಯವಾಯಿತು. ಇವತ್ತಿಗೂ ಅಲ್ಲಿ ಹೆರಿಂಗ್ ತಿನ್ನುತ್ತಾರೆ, ಅದೇ ರೀತಿ. ಅಲ್ಲಿ ಕೆಲಸದಲ್ಲಿರುವ ನಮ್ಮ ಹುಡುಗರೂ ರುಚಿ ನೋಡುತ್ತಾರೆ. ಹುಳ ಯಾವುದು, ಅದು ಯಾವಾಗ ಸಾಯುತ್ತದೆ ಎಂದು ತಿಳಿದುಕೊಂಡು, ಮೀನುಗಾರರ ಹೊಟ್ಟೆಗೂ ಹೊಡೆಯದೆ ತಿನ್ನುವವರ ಹೊಟ್ಟೆಯನ್ನೂ ಕಾಪಾಡಿದ ಈ ಕಾನೂನಿನ ಬಗ್ಗೆ ನನಗೆ ತುಂಬ ಗೌರವ.

ಜಪಾನ್ ಕಥೆ ಬೇರೆ. ಜಗತ್ತಿನಲ್ಲಿ ಈ ರೋಗ ಅತಿ ಹೆಚ್ಚು ಕಂಡುಬರುವುದು ಅಲ್ಲೇ. ಹಸಿ ಮೀನು ಅವರ ದಿನದ ಊಟ, ಹೆಪ್ಪುಗಟ್ಟಿಸಿದರೆ ರುಚಿ ಕೆಡುತ್ತದೆ ಅನ್ನುವವರು ಜಾಸ್ತಿ. ಬಂಗುಡೆಯ ಜಾತಿಯ ಮೀನಿಗೆ ಉಪ್ಪು ಹಾಕಿ ವಿನಿಗರ್‌ನಲ್ಲಿ ನೆನೆಸಿ ತಿನ್ನುವ ತಿನಿಸೊಂದಿದೆ. ವಿನಿಗರ್‌ಗೆ ಹುಳ ಸಾಯುವುದಿಲ್ಲ. ಸೋಯಾ ಸಾಸಿಗೂ ಇಲ್ಲ, ವಸಾಬಿಯ ಖಾರಕ್ಕೂ ಇಲ್ಲ. ತಿಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಚುಚ್ಚಿದ ಹಾಗೆ ನೋವು, ವಾಂತಿ. ಹುಳ ಜಠರದ ಗೋಡೆಗೆ ತಲೆ ತೂರಿಸಿರುತ್ತದೆ. ವೈದ್ಯರು ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಅದನ್ನು ಹಿಡಿದು ಎಳೆದು ತೆಗೆಯುತ್ತಾರೆ. ತೆಗೆದ ಕೂಡಲೇ ನೋವು ಇಳಿಯುತ್ತದೆ. ಕೆಲವರಲ್ಲಿ ಹುಳ ಜಠರ ದಾಟಿ ಕರುಳಿಗೆ ಹೋಗುತ್ತದೆ. ಆಗ ನೋವು ಒಂದೆರಡು ದಿನ ಬಿಟ್ಟು ಬರುತ್ತದೆ, ಅಪೆಂಡಿಸೈಟಿಸ್ ಅಂದುಕೊಳ್ಳುವ ಸಾಧ್ಯತೆ ಇರುತ್ತದೆ. ಹಸಿ ಮೀನು ತಿಂದ ಮೇಲೆ ಇಂಥ ನೋವು ಬಂದರೆ ತಿಂದದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಸುಮ್ನೆ ಜಂತುಹುಳುವಿನ ಮಾತ್ರೆ ನುಂಗಿ ಕಾಯಬೇಡಿ.

ಜಪಾನಿನ ಸಂಶೋಧಕರು ಇನ್ನೊಂದು ಸೂಕ್ಷ್ಮ ಕಂಡುಕೊಂಡಿದ್ದಾರೆ. ಶಾಂತಸಾಗರದ ಕಡೆಯ ಬಂಗುಡೆ ಜಾತಿಯಲ್ಲಿ ಹೆಚ್ಚಾಗಿರುವ ಹುಳ ಅನಿಸಾಕಿಸ್ ಸಿಂಪ್ಲೆಕ್ಸ್. ಜಪಾನ್ ಸಮುದ್ರದ ಕಡೆ ಅನಿಸಾಕಿಸ್ ಪೆಗ್ರೆಫಿಯೈ. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲನೆಯದು ಮಾಂಸಕ್ಕೆ ನುಗ್ಗುವುದು ಬಹಳ ಜಾಸ್ತಿ, ಎರಡನೆಯದು ಬಹಳ ಕಡಿಮೆ. ಒಂದೇ ದೇಶದ ಎರಡು ದಡಗಳಲ್ಲಿ ಒಂದೇ ಬಗೆಯ ಮೀನಿನ ಅಪಾಯ ಬೇರೆಬೇರೆ. ಅಲ್ಲಿಯ ಕುಮಾಮೊಟೊ ವಿಶ್ವವಿದ್ಯಾಲಯ ಒಂದು ಮೀನು ಕಂಪನಿಯ ಜೊತೆ ಸೇರಿ, ಕ್ಷಣಮಾತ್ರದ ಬಲವಾದ ವಿದ್ಯುತ್ ಹರಿಸಿ ಮೀನಿನೊಳಗಿನ ಹುಳ ಕೊಲ್ಲುವ ಯಂತ್ರವನ್ನೂ ಮಾಡಿದೆ. ಹೆಪ್ಪುಗಟ್ಟಿಸದೆ ಹಸಿ ಮೀನಿನ ರುಚಿ ಉಳಿಸುವುದು ಅವರ ಗುರಿ.

ಸ್ಪೇನ್‌ನಿಂದ ಬಂದ ಪಾಠ ಬೇಯಿಸಿ ತಿನ್ನುವ ನಮಗೂ ಸಂಬಂಧಿಸಿದ್ದು. 1990ರ ದಶಕದಲ್ಲಿ ಅಲ್ಲಿಯ ಉತ್ತರ ಭಾಗದ ಬಾಸ್ಕ್ ಸೀಮೆಯ ವೈದ್ಯರಿಗೆ ಮೀನು ತಿಂದು ಮೈಯೆಲ್ಲ ದದ್ದು ಬರುವ, ಉಸಿರು ಕಟ್ಟುವ ರೋಗಿಗಳು ಸಿಕ್ಕರು. ಪರೀಕ್ಷೆ ಮಾಡಿದರೆ ಮೀನಿಗೆ ಅಲರ್ಜಿ ಇಲ್ಲ. ಅಲರ್ಜಿ ಇದ್ದದ್ದು ಮೀನಿನೊಳಗಿನ ಅನಿಸಾಕಿಸ್‌ಗೆ. ಆ ಹುಳದ ಕೆಲವು ಪ್ರೋಟೀನುಗಳು ಬೇಯಿಸಿದರೂ ಪೂರ್ತಿ ಹಾಳಾಗುವುದಿಲ್ಲ. ಹಾಗಾಗಿ ಸತ್ತ ಹುಳವೂ ಅಲರ್ಜಿ ಇರುವವರಿಗೆ ತೊಂದರೆ ಕೊಡಬಹುದು. ಸಾಮಾನ್ಯ ಜನರು ಇದಕ್ಕೆ ಹೆದರಬೇಕಾಗಿಲ್ಲ. ಆದರೆ "ನನಗೆ ಕೆಲವು ಸಲ ಮಾತ್ರ ಮೀನು ಆಗುವುದಿಲ್ಲ, ಕೆಲವು ಸಲ ಏನೂ ಆಗುವುದಿಲ್ಲ" ಅನ್ನುವವರು ಅಲರ್ಜಿ ವೈದ್ಯರಿಗೆ ಈ ಹುಳದ ಬಗ್ಗೆಯೂ ಒಂದು ಮಾತು ಕೇಳುವುದು ಒಳ್ಳೆಯದು. ಸ್ಪೇನ್‌ನವರು ಚಿಕ್ಕ ಮೀನನ್ನು ವಿನಿಗರ್‌ನಲ್ಲಿ ನೆನೆಸಿ ತಿನ್ನುತ್ತಾರೆ. 2006ರಲ್ಲಿ ಅವರೂ ಅಂಥ ಮೀನನ್ನು ಮೊದಲು ಹೆಪ್ಪುಗಟ್ಟಿಸಬೇಕು ಎಂದು ಕಾನೂನು ಮಾಡಿದರು.

ಹುಳ ಹೆಚ್ಚಾಗುತ್ತಿದೆಯಾ ಅಂತ ಎಲ್ಲರೂ ಕೇಳುತ್ತಾರೆ. 2020ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೊಂದು ಜಗತ್ತಿನ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ಲೆಕ್ಕ ಹಾಕಿತು. 1978ರಿಂದ 2015ರ ನಡುವೆ ಅನಿಸಾಕಿಸ್ 283 ಪಟ್ಟು ಹೆಚ್ಚಾಗಿದೆ ಎಂದು ಬಂತು. ಮೊದಲು ನೂರು ಮೀನಿಗೆ ಒಂದು ಹುಳವೂ ಇರಲಿಲ್ಲ, ಈಗ ಸರಾಸರಿ ಮೀನಿಗೆ ಒಂದಕ್ಕಿಂತ ಜಾಸ್ತಿ. ಈ ಅಂಕಿಯನ್ನು ಕೇಳಿ ಹೌಹಾರಬೇಡಿ. ಅದೇ ಅಧ್ಯಯನದಲ್ಲಿ ಸೀಲ್‌ಗಳಲ್ಲಿ ಬೆಳೆಯುವ ಇನ್ನೊಂದು ಜಾತಿಯ ಹುಳ ಹೆಚ್ಚಾಗಿರಲೇ ಇಲ್ಲ. ಕಾರಣ ಒಂದೇ ಅಂತ ಅವರು ಹೇಳಿಲ್ಲ. ಕಡಲು ಬಿಸಿಯಾಗುತ್ತಿರುವುದು ಒಂದು ಇರಬಹುದು. ಇನ್ನೊಂದು, ತಿಮಿಂಗಿಲ ಬೇಟೆಗೆ ತಡೆ ಬಿದ್ದದ್ದು. ವ್ಯಾಪಾರಕ್ಕಾಗಿ ತಿಮಿಂಗಿಲ ಕೊಲ್ಲುವುದಕ್ಕೆ 1986ರಲ್ಲಿ ಅಂತರರಾಷ್ಟ್ರೀಯ ತಡೆ ಬಂತು. ತಿಮಿಂಗಿಲಗಳು ಚೇತರಿಸಿಕೊಂಡರೆ ಅವುಗಳ ಹುಳವೂ ಚೇತರಿಸಿಕೊಳ್ಳುತ್ತದೆ, ಅಲ್ವಾ?

ಇದನ್ನು ನಾನು ಒತ್ತಿ ಹೇಳಬೇಕು. ಈ ಹುಳಕ್ಕೆ ಬದುಕಲು ಸಣ್ಣ ಸಿಗಡಿ ಬೇಕು, ಮೀನು ಬೇಕು, ಡಾಲ್ಫಿನ್ ಬೇಕು. ಒಂದು ಕೊಂಡಿ ಕಳಚಿದರೂ ಅದು ಇಲ್ಲ. ಹುಳವೇ ಇಲ್ಲದ ಮೀನು ಬೇಕಾದರೆ ನಾರ್ವೆಯಲ್ಲಿ ಕಾರ್ಖಾನೆಯ ಒಣ ಆಹಾರ ಕೊಟ್ಟು ಸಾಕಿದ ಸಾಲ್ಮನ್ ಇದೆ. ಅದರಲ್ಲಿ ಅನಿಸಾಕಿಸ್ ಸಿಗುವುದು ತೀರಾ ಅಪರೂಪ. ಅದು ತಪ್ಪಲ್ಲ. ಆದರೆ ಕಾಡು ಕಡಲಿನ ಮೀನು ತಿನ್ನುವವರು ಆ ಕಡಲಿನ ಉಳಿದ ಜೀವಿಗಳನ್ನೂ ಒಪ್ಪಿಕೊಳ್ಳಬೇಕು. ಹುಳ ಬೇಡ ಅಂತ ಡಾಲ್ಫಿನ್ ಬೇಡ ಅನ್ನಲಾಗುವುದಿಲ್ಲ.

ಇನ್ನು ನಮ್ಮ ಅಡುಗೆಮನೆ. ನಮ್ಮ ಕರಾವಳಿಯ ಅಡುಗೆಯಲ್ಲಿ ಹಸಿ ಮೀನಿಗೆ ಜಾಗವೇ ಇಲ್ಲ. ಗಸಿ ಕುದಿಯುತ್ತದೆ, ಪುಳಿಮುಂಚಿ ಕುದಿಯುತ್ತದೆ. ಮೀನಿನ ನಡುಭಾಗ 60 ಡಿಗ್ರಿ ದಾಟಿ ಒಂದು ನಿಮಿಷ ನಿಂತರೆ ಹುಳ ಸಾಯುತ್ತದೆ. ಕುದಿಯುವ ಸಾರಿನಲ್ಲಿ ಇದು ಬಹಳ ಬೇಗ ಆಗುತ್ತದೆ. ಇಷ್ಟು ಮೀನು ತಿನ್ನುವ ನಾಡಿನಲ್ಲಿ ಈ ರೋಗದ ಮಾತೇ ಕೇಳಿಬರದಿರುವುದಕ್ಕೆ ಕಾರಣ ನಮ್ಮ ಅಮ್ಮಂದಿರ ಒಲೆ. ಆದರೆ ನೆನಪಿಡಿ, ಅಡುಗೆಮನೆಯಲ್ಲಿ ಸಾಯಿಸುವುದು ಬೆಂಕಿ ಮಾತ್ರ. ಹುಣಸೆಹುಳಿ, ನಿಂಬೆರಸ, ಮೆಣಸು, ಅರಿಶಿನ ಹಚ್ಚಿ ರಾತ್ರಿಯಿಡೀ ಇಟ್ಟರೂ ಹುಳಕ್ಕೆ ಏನೂ ಆಗುವುದಿಲ್ಲ.

ನೆದರ್‌ಲ್ಯಾಂಡ್ಸ್‌ನವರ ಅನುಭವ ನಮ್ಮ ಬಂದರಿಗೂ ತಾಗುತ್ತದೆ. ಮಲ್ಪೆ, ಮಂಗಳೂರಿನಿಂದ ಹೊರಟ ದೊಡ್ಡ ಟ್ರಾಲ್ ಬೋಟುಗಳು ಹಲವು ದಿನ ಕಡಲಲ್ಲೇ ಇರುತ್ತವೆ. ಮೀನು ಹೊಟ್ಟೆ ತೆಗೆಯದೆ ಐಸಿನಲ್ಲಿ ಇರುತ್ತದೆ. ಬೇಯಿಸಿ ತಿನ್ನುವವರಿಗೆ ಇದರಿಂದ ಅಪಾಯ ಇಲ್ಲ. ಆದರೆ ಆ ಮೀನನ್ನು ತಂದು "ತಾಜಾ" ಅಂತ ಹಸಿಯಾಗಿ ಬಡಿಸಲು ಹೊರಟವರು ಸ್ವಲ್ಪ ನಿಲ್ಲಬೇಕು. ಸುಶಿಗೆ ತಾಜಾ ಆಗಿದ್ದರೆ ಸಾಲದು, ಹೆಪ್ಪುಗಟ್ಟಿಸಿದ್ದಿರಬೇಕು. ಅಮೆರಿಕದ ನಿಯಮದ ಪ್ರಕಾರ ಮೈನಸ್ 20 ಡಿಗ್ರಿಯಲ್ಲಿ 7 ದಿನ, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗಿಸಿ 15 ಗಂಟೆ. ಹೋಟೆಲಿನಲ್ಲಿ ಹಸಿ ಮೀನು ತಿನ್ನುವ ಮೊದಲು ಇದನ್ನು ಕೇಳಲು ನಾಚಿಕೊಳ್ಳಬೇಡಿ. ಒಳ್ಳೆಯ ಬಾಣಸಿಗರು ಖುಷಿಯಿಂದ ಉತ್ತರ ಕೊಡುತ್ತಾರೆ.

ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆ ಕೇಳಿ.

"ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಒಂದು ವಾರ ಇಟ್ಟು ಹಸಿಯಾಗಿ ತಿನ್ನಬಹುದಾ ಸಾರ್?"

ಬೇಡಮ್ಮ. ಮನೆಯ ಫ್ರೀಜರ್ ಹೆಚ್ಚೆಂದರೆ ಮೈನಸ್ 18ರ ಸುತ್ತ ಇರುತ್ತದೆ. ನಮ್ಮ ಕಡೆ ಕರೆಂಟು ಹೋಗಿ ಬರುತ್ತದೆ, ಬಾಗಿಲು ಹತ್ತು ಸಲ ತೆಗೆಯುತ್ತೇವೆ. ಅದನ್ನು ನಂಬಿ ಹಸಿ ಮೀನು ತಿನ್ನಬೇಡಿ. ಬೇಯಿಸುವ ಮೀನು ಇಡಲು ಅದು ಸಾಕು.

"ಅಂಜಲ್ ತವಾ ಫ್ರೈ ಮಾಡುವಾಗ ಹೊರಗೆ ಕೆಂಪಾಗುತ್ತದೆ, ಒಳಗೆ ಬೆಂದಿದೆಯಾ ಗೊತ್ತಾಗುವುದಿಲ್ಲ."

ಒಳ್ಳೆಯ ಪ್ರಶ್ನೆ. ನಡುಮುಳ್ಳಿನ ಹತ್ತಿರ ಚಮಚದಿಂದ ಬಿಡಿಸಿ ನೋಡಿ. ಮಾಂಸ ಗಾಜಿನಂತೆ ಹೊಳೆಯುತ್ತಿದ್ದರೆ, ಮುಳ್ಳಿಗೆ ಅಂಟಿಕೊಂಡಿದ್ದರೆ ಇನ್ನೂ ಬೆಂದಿಲ್ಲ. ಬಿಳಿಯಾಗಿ ಪದರ ಪದರವಾಗಿ ಬಿಟ್ಟುಕೊಂಡರೆ ಬೆಂದಿದೆ. ದಪ್ಪ ತುಂಡು ಆದರೆ ಉರಿ ಸಣ್ಣ ಮಾಡಿ, ಮೇಲೆ ಮುಚ್ಚಳ ಮುಚ್ಚಿ.

"ಕತ್ತರಿಸುವಾಗ ಹುಳ ಸಿಕ್ಕಿದರೆ ಇಡೀ ಮೀನು ಎಸೆಯಬೇಕಾ?"

ಬೇಡ. ಹುಳ ತೆಗೆದು, ಹೊಟ್ಟೆಯ ಒಳಪದರವನ್ನು ಚೆನ್ನಾಗಿ ಉಜ್ಜಿ ತೊಳೆದು ಬೇಯಿಸಿ. ಹೊಟ್ಟೆಯ ಕಡೆಯ ತೆಳು ಮಾಂಸವನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿ, ಮಾಂಸಕ್ಕೆ ಹೋದ ಹುಳ ಹೆಚ್ಚಾಗಿ ಅಲ್ಲೇ ಇರುತ್ತದೆ. ತುಂಬ ಹುಳ ಇದ್ದು ನಿಮಗೆ ಮನಸ್ಸೇ ಒಪ್ಪದಿದ್ದರೆ ಆ ಭಾಗ ಬಿಡಿ. ಮೀನು ಮಾರಿದವರ ಮೇಲೆ ಸಿಟ್ಟು ಮಾಡಬೇಡಿ. ಹೊರಗಿನಿಂದ ನೋಡಿ ಅವರಿಗೂ ಗೊತ್ತಾಗುವುದಿಲ್ಲ. ಬೇಗ ಮನೆಗೆ ಒಯ್ದು ಬೇಗ ಹೊಟ್ಟೆ ತೆಗೆಯಿರಿ, ಅಥವಾ ಮಾರ್ಕೆಟ್ಟಿನಲ್ಲೇ ಕ್ಲೀನ್ ಮಾಡಿಸಿಕೊಳ್ಳಿ.

"ಒಣಮೀನು?"

ಚೆನ್ನಾಗಿ ಉಪ್ಪು ಹಾಕಿ ದಿನಗಟ್ಟಲೆ ಬಿಸಿಲಿಗೆ ಹಾಕಿ, ಆಮೇಲೆ ನಾವು ಅದನ್ನು ಸುಡುತ್ತೇವೆ ಇಲ್ಲ ಸಾರು ಮಾಡುತ್ತೇವೆ. ಈ ಹುಳದ ಭಯ ಅಲ್ಲಿಲ್ಲ. ಅಲ್ಲಿ ನೋಡಬೇಕಾದದ್ದು ನೊಣ ಮತ್ತು ಬೂಸ್ಟು.

ಕೊನೆಗೆ ಬೋಟಿನಲ್ಲಿ ಕೆಲಸ ಮಾಡುವ ಯುವಕರೊಬ್ಬರು ಕೇಳಿದರು: "ಹಾಗಾದರೆ ನಾವು ಬೋಟಿನಲ್ಲೇ ದೊಡ್ಡ ಮೀನಿನ ಹೊಟ್ಟೆ ತೆಗೆದು ಕರುಳನ್ನು ನೀರಿಗೆ ಬಿಟ್ಟರೆ ಒಳ್ಳೆಯದಲ್ವಾ?"

ಹೊಟ್ಟೆ ಬೇಗ ತೆಗೆಯುವುದು ಒಳ್ಳೆಯದೇ, ತಮ್ಮ. ಮೀನಿಗೆ ರೇಟೂ ಸಿಗಬಹುದು. ಆದರೆ ಕರುಳನ್ನು ಹಸಿಯಾಗಿ ಕಡಲಿಗೆ ಎಸೆದರೆ ಅದರೊಳಗಿನ ಹುಳಕ್ಕೆ ಜೀವ ಇರುತ್ತದೆ. ಬೋಟಿನ ಹಿಂದೆ ಬರುವ ಬೇರೆ ಮೀನು ಅದನ್ನು ತಿನ್ನುತ್ತದೆ, ಹುಳ ಅದರೊಳಗೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತದೆ. ಕರುಳನ್ನು ಬೇರೆ ಕ್ರೇಟಿನಲ್ಲಿ ಐಸು ಹಾಕಿ ದಡಕ್ಕೆ ತರುವುದು ಸರಿ. ನಮ್ಮ ಕರಾವಳಿಯಲ್ಲಿ ಫಿಶ್‌ಮೀಲ್ ಕಾರ್ಖಾನೆಗಳಿವೆ. ಅಲ್ಲಿ ಅದನ್ನು ಬೇಯಿಸಿ, ಹಿಂಡಿ, ಒಣಗಿಸುವಾಗ ಹುಳ ಸಾಯುತ್ತದೆ. ಜಾಗ ಕಡಿಮೆ, ಕೆಲಸ ಜಾಸ್ತಿ ಅಂತ ನೀವು ಹೇಳುವುದು ನನಗೆ ಅರ್ಥವಾಗುತ್ತದೆ. ಆ ಕ್ರೇಟಿನ ಖರ್ಚು ಬೋಟಿನವರೊಬ್ಬರ ಮೇಲೇ ಬೀಳಬಾರದು. ನಿಮ್ಮ ಸಂಘದ ಸಭೆಯಲ್ಲಿ ಇದನ್ನು ಎತ್ತಿ. ಕರೆದರೆ ನಾನೂ ಬಂದು ಮಾತಾಡುತ್ತೇನೆ.